ಬಂದೂಕಿನ ಮೈಮೇಲಿನ ಅಂಕಿಗಳು: ಯಾವುದು ಮೂಲ, ಯಾವುದು ಬದಲಿ

ಹಳೆಯ ಬಂದೂಕೊಂದು ಮೇಜಿನ ಮೇಲೆ ಬಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರೇ ಆಗಲಿ ಮೊದಲು ಕೇಳುವುದು ‘ಇದು ಒರಿಜಿನಲ್ಲಾ?’ ಎಂದು. ಸೈನ್ಯದಲ್ಲಿ ದುಡಿದ ಬಂದೂಕಿನ ಮಟ್ಟಿಗೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುವುದು ಅಪರೂಪ. ಮೂವತ್ತು ನಲವತ್ತು ವರ್ಷ ಸೇವೆಯಲ್ಲಿದ್ದ ರೈಫಲ್ಲಿನ ನಳಿಗೆ ಸವೆದಿರುತ್ತದೆ, ಮರ ಸೀಳಿರುತ್ತದೆ, ಸ್ಪ್ರಿಂಗು ಸೋತಿರುತ್ತದೆ. ಸರ್ಕಾರಿ ಕಾರ್ಖಾನೆಯೇ ಅವನ್ನು ತೆಗೆದು ಬೇರೆ ಕೂರಿಸಿರುತ್ತದೆ. ಹಾಗಾಗಿ ತಿಳಿಯಬೇಕಾದದ್ದು ಇಷ್ಟು: ಯಾವ ಭಾಗ ಹುಟ್ಟಿನದು, ಯಾವುದು ಆಮೇಲೆ ಬಂದದ್ದು, ಬದಲಿಸಿದವರು ಯಾರು? ಸೈನ್ಯದ ಕಾರ್ಖಾನೆಯಲ್ಲಿ ಬದಲಾದ ಭಾಗ ಆ ಬಂದೂಕಿನ ಸೇವಾ ಚರಿತ್ರೆಗೆ ಸೇರಿದ್ದು. ಮೊನ್ನೆ ಮೊನ್ನೆ ಯಾರೋ ಚೆಂದ ಕಾಣಲಿ ಎಂದು ಹಾಕಿದ್ದು ಆ ಚರಿತ್ರೆಯನ್ನು ಕೆಡಿಸುತ್ತದೆ. ಇವೆರಡನ್ನು ಬೇರೆ ಮಾಡಿ ನೋಡುವ ಬಗೆಯೇ ಈ ಉಪನ್ಯಾಸದ ವಿಷಯ.

ಅಮೆರಿಕದಲ್ಲಿ ಸೈನ್ಯ ಕೈಬಿಟ್ಟ ರೈಫಲ್ಲು ಅಂಗಡಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. ‘ತ್ರೀ ನಾಟ್ ತ್ರೀ’ ಎಂದು ಹಳ್ಳಿಯ ಮಕ್ಕಳಿಗೂ ಹೆಸರು ಗೊತ್ತಿರುವ .303 ಭಾರತದಲ್ಲಿ ನಿಷೇಧಿತ ಬೋರಿನ ರೈಫಲ್ಲು. ಸಾಮಾನ್ಯ ಲೈಸೆನ್ಸಿಗೆ ಅದು ದಕ್ಕುವುದಿಲ್ಲ. ಅದನ್ನು ನೋಡಬೇಕಾದರೆ ಪೊಲೀಸ್ ಶಸ್ತ್ರಾಗಾರಕ್ಕೆ ಹೋಗಬೇಕು, ಇಲ್ಲವೇ ಮ್ಯೂಸಿಯಮ್ಮಿಗೆ. ಕಡೂರಿನಲ್ಲಿ ಪೊಲೀಸ್ ತರಬೇತಿ ಶಾಲೆಯೇ ಇದೆ. ಪೊಲೀಸ್ ಕೆಲಸಕ್ಕೆ ಸೇರಿದ ಹುಡುಗರಿಗೆ ಬಂದೂಕು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದು ಪಾಠದ ಭಾಗ. ಅದೇ ಪಾಠದಲ್ಲಿ ಬಂದೂಕಿನ ಮೈಮೇಲಿನ ಮುದ್ರೆ ಓದುವುದನ್ನೂ ಕಲಿಸಿದರೆ, ನಾಳೆ ಠಾಣೆಯ ಮೂಲೆಯಲ್ಲಿ ಸಿಕ್ಕ ಹಳೆಯ ಸಾಮಾನನ್ನು ಅವರು ಗುಜರಿ ಎಂದು ಬರೆದುಬಿಡುವುದಿಲ್ಲ.

ಮನೆಗಳಲ್ಲಿ ಇರುವುದು ಬೇರೆ. ತರೀಕೆರೆಯ ಅಡಿಕೆ ತೋಟಗಳಲ್ಲಿ, ಲಕ್ಕವಳ್ಳಿಯ ಕಡೆ ಭದ್ರಾ ಅಭಯಾರಣ್ಯಕ್ಕೆ ಹೊಂದಿಕೊಂಡ ಊರುಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳಿವೆ. ಒಂಟಿನಳಿಗೆಯ ಕೇಪಿನ ಕೋವಿ, ಜೋಡುನಳಿಗೆಯ ತೋಟಾ ಕೋವಿ, ಅಪರೂಪಕ್ಕೊಂದು .315 ರೈಫಲ್ಲು. ಈ .315 ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆ ಸಾರ್ವಜನಿಕರಿಗಾಗಿ ಮಾಡಿದ ಸ್ಪೋರ್ಟಿಂಗ್ ರೈಫಲ್ ಅದು; ಆದರೆ ಅದರ ಬೋಲ್ಟಿನ ಕಟ್ಟು ಲೀ-ಎನ್‌ಫೀಲ್ಡ್ ಮಾದರಿಯದೇ. .303ರ ಬಗ್ಗೆ ಮುಂದೆ ಬರುವ ಬಹುಪಾಲು ಮಾತು .315 ಇಟ್ಟುಕೊಂಡವರಿಗೂ ಸಲ್ಲುತ್ತದೆ. ಶಿಕಾರಿಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಕೆನೆತ್ ಆಂಡರ್ಸನ್‌ನ .405 ವಿಂಚೆಸ್ಟರ್ ರೈಫಲ್ಲನ್ನು ಕನ್ನಡದ ಓದುಗರು ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಬಲ್ಲರು. ಆ ಕಾಲದ ಬಂದೂಕುಗಳು ಮಾತ್ರ ಅಟ್ಟ, ಬೀರು, ದೇವರ ಮನೆಯ ಪಕ್ಕದ ಗೋಡೆಗಳಲ್ಲಿ ಉಳಿದುಕೊಂಡವು.

ಬಂದೂಕಿಗಿಂತ ಮೊದಲು ಅದರ ಜೊತೆಗಿನ ಕಾಗದ ನೋಡುವುದು ಒಳ್ಳೆಯದು. 1947ರವರೆಗೆ ಈ ಸೀಮೆಯ ಹೆಸರು ಕಡೂರು ಜಿಲ್ಲೆ. ಆಡಳಿತ ಕೇಂದ್ರ ಚಿಕ್ಕಮಗಳೂರಿನಲ್ಲಿದ್ದರೂ ಜಿಲ್ಲೆಯ ಹೆಸರು ಕಡೂರೇ ಆಗಿತ್ತು. ಅಜ್ಜಂಪುರವಂತೂ ತೀರಾ ಈಚಿನವರೆಗೆ ತರೀಕೆರೆ ತಾಲ್ಲೂಕಿನ ಹೋಬಳಿ. ಅಜ್ಜನ ಕಾಲದ ಲೈಸೆನ್ಸ್ ಎಂದು ತೋರಿಸುವ ಕಾಗದದಲ್ಲಿ 1930ರ ತಾರೀಖಿದ್ದು ‘ಚಿಕ್ಕಮಗಳೂರು ಜಿಲ್ಲೆ, ಅಜ್ಜಂಪುರ ತಾಲ್ಲೂಕು’ ಎಂದಿದ್ದರೆ ಆ ಕಾಗದ ಆ ಕಾಲದ್ದಲ್ಲ. ಇಂಥ ಚಿಕ್ಕ ಸಂಗತಿಯೇ ಎಷ್ಟೋ ಸಲ ದೊಡ್ಡ ವಾದ ಮುಗಿಸುತ್ತದೆ. ಕಾಗದದಲ್ಲಿ ಬರೆದ ಅಂಕಿಯೂ ಬಂದೂಕಿನ ಮೇಲಿನ ಅಂಕಿಯೂ ಒಂದೇ ಆಗಿದ್ದರೆ ಅರ್ಧ ಕೆಲಸ ಆದಂತೆ.

ಅಜ್ಜಂಪುರಕ್ಕೂ ಸೈನ್ಯದ ಸರಂಜಾಮಿಗೂ ಇರುವ ನಂಟು ಬಂದೂಕಿನದಕ್ಕಿಂತ ಎತ್ತಿನದು. ಅಲ್ಲಿರುವ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಈಗ ಹಾಲು, ಹೋರಿ, ಹುಲ್ಲುಗಾವಲುಗಳ ಸುದ್ದಿಯಲ್ಲಿರುತ್ತದೆ. ಆದರೆ ಆ ತಳಿಯನ್ನು ಬೆಳೆಸಿದ್ದು ಫಿರಂಗಿ ಎಳೆಯಲು, ಮದ್ದುಗುಂಡು ಹೊರಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳು ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಪಾಲಾದವು. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ ಅವುಗಳ ನಡಿಗೆಯನ್ನು ಮೆಚ್ಚಿಕೊಂಡ. ಟಿಪ್ಪುವಿನ ಶಸ್ತ್ರಾಗಾರದ ಬಂದೂಕುಗಳದೂ ಅದೇ ಗತಿ. ಕೆಲವು ಲೂಟಿಯಲ್ಲಿ ಹಡಗು ಹತ್ತಿ ಇಂಗ್ಲೆಂಡಿನ ಸಂಗ್ರಹಗಳಿಗೆ ಹೋದವು, ಕೆಲವು ಚದುರಿಹೋದವು. ಶ್ರೀರಂಗಪಟ್ಟಣದಲ್ಲಿ ಮಾಡಿದ ಒಳ್ಳೆಯ ಬಂದೂಕುಗಳ ಮೇಲೆ ಹುಲಿಪಟ್ಟೆಯ ಅಲಂಕಾರ ಇರುತ್ತದೆ, ಟಿಪ್ಪು ತಂದ ಮೌಲೂದಿ ಶಕೆಯ ವರ್ಷ ಇರುತ್ತದೆ. ಹುಲಿಪಟ್ಟೆ ಕೊರೆದಿದ್ದ ಮಾತ್ರಕ್ಕೆ ಎಲ್ಲವೂ ಟಿಪ್ಪುವಿನದಾಗುವುದಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಹೆಸರು ದೊಡ್ಡದಾದಷ್ಟೂ ನಕಲಿನ ಆಸೆ ಹೆಚ್ಚು.

ಕಂಪನಿಯ ಕಾಲದ ಬಂದೂಕಿನಲ್ಲಿ ಮೊದಲು ನೋಡಬೇಕಾದದ್ದು ಬೀಗದ ತಗಡು, ಅಂದರೆ ಕುದುರೆ ಕೂರಿಸಿರುವ ಬದಿಯ ಕಬ್ಬಿಣದ ಪಟ್ಟಿ. ಹದಿನೆಂಟನೇ ಶತಮಾನದ ಕೊನೆಯ ಕಂಪನಿ ಬಂದೂಕುಗಳಲ್ಲಿ ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳ ಮುದ್ರೆ. ಸುಮಾರು 1808ರಿಂದ ಅದರ ಜಾಗಕ್ಕೆ ಹಿಂಗಾಲಿನ ಮೇಲೆ ನಿಂತ ಸಿಂಹ ಬಂತು. ಹಾಗಾಗಿ ನಿಂತ ಸಿಂಹದ ಬೀಗವಿರುವ ಕೋವಿಯನ್ನು 1799ರ ಯುದ್ಧದ್ದು ಎಂದು ಹೇಳಲು ಬರುವುದಿಲ್ಲ. ನಳಿಗೆ ಹಳೆಯದಿದ್ದೀತು, ಬೀಗ ಆಮೇಲಿನದು.

ಚಕಮಕಿ ಕಲ್ಲಿನ ಬಂದೂಕುಗಳಲ್ಲಿ ಇನ್ನೂ ಒಂದು ತೊಡಕಿದೆ. ಹತ್ತೊಂಬತ್ತನೇ ಶತಮಾನದ ನಡುವೆ, ಕಲ್ಲಿನ ಕಿಡಿಯ ಬದಲು ಕುದುರೆಯ ಏಟಿಗೆ ಸಿಡಿಯುವ ಕೇಪು ಬಂದಾಗ ಸಾವಿರಾರು ಕಲ್ಲಿನ ಬಂದೂಕುಗಳನ್ನು ಕೇಪಿಗೆ ಬದಲಿಸಿದರು. ಅದು ಸಹಜ, ಚರಿತ್ರೆಗೆ ಸೇರಿದ ಬದಲಾವಣೆ. ಆಮೇಲೆ ಹಳೆಯ ಸಾಮಾನಿಗೆ ಬೆಲೆ ಬಂದ ಕಾಲದಲ್ಲಿ ಮಾರುವವರು ಅವೇ ಬಂದೂಕುಗಳನ್ನು ಮತ್ತೆ ಕಲ್ಲಿನ ಬಂದೂಕು ಮಾಡಿದರು. ಗುರುತು ಹಿಡಿಯುವುದು ಕಷ್ಟವೇನಲ್ಲ. ಬೀಗದ ತಗಡಿನಲ್ಲಿ ಮುಚ್ಚಿದ ತೂತುಗಳ ಗುಂಡನೆಯ ಗೆರೆ ಕಾಣುತ್ತದೆ. ಮದ್ದಿನ ಬಟ್ಟಲಿನ ಸುತ್ತ ಇರಬೇಕಾದ ಸುಟ್ಟ ಕೊರೆತ ಇರುವುದಿಲ್ಲ, ಅಥವಾ ನಳಿಗೆಯ ಮೇಲಿದ್ದು ಬಟ್ಟಲಿನ ಮೇಲೆ ಇರುವುದಿಲ್ಲ. ಬೆಂಕಿ ಒಂದೇ, ಕೂತ ಜಾಗ ಒಂದೇ. ಸವೆತವೂ ಎರಡು ಕಡೆ ಹೊಂದಬೇಕು.

ಸರ್ಕಾರವೇ ಮಾಡಿದ ಬದಲಾವಣೆಗೆ 1857ರ ಸಿಪಾಯಿ ದಂಗೆ ಒಳ್ಳೆಯ ಉದಾಹರಣೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ತೋಟಾದ ಸುತ್ತಲೇ ದಂಗೆಯ ಕಥೆ ಹೆಣೆದುಕೊಂಡಿದೆ. ದಂಗೆ ಅಡಗಿದ ಮೇಲೆ ದೇಶೀ ಸಿಪಾಯಿಗಳಿಗೆ ಅಷ್ಟು ಗುರಿಯ ಬಂದೂಕು ಬೇಡವೆಂದು ಬ್ರಿಟಿಷರು ನಳಿಗೆಯೊಳಗೆ ಸುರುಳಿ ಗೀರೇ ಇಲ್ಲದ, ನೋಡಲು ಎನ್‌ಫೀಲ್ಡ್‌ನಂತೆಯೇ ಇರುವ 1858ರ ಮಾದರಿಯನ್ನು ಕೊಟ್ಟರು. ಅಂಥ ಬಂದೂಕಿನೊಳಗೆ ಇಣುಕಿ ನೋಡಿ ‘ಗೀರು ಸವೆದುಹೋಗಿದೆ’ ಎನ್ನುವವರಿದ್ದಾರೆ. ಸವೆದದ್ದಲ್ಲ. ಅಲ್ಲಿರುವುದು ಒಂದು ಸಾಮ್ರಾಜ್ಯದ ಅಪನಂಬಿಕೆ. 1866ರ ನಂತರ ಬ್ರಿಟಿಷರು ಹಳೆಯ ಎನ್‌ಫೀಲ್ಡ್‌ಗಳ ನಳಿಗೆಯ ಹಿಂಭಾಗ ಕತ್ತರಿಸಿ, ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಬಾಗಿಲು ಕೂರಿಸಿದರು. ಬೀಗದ ಮೇಲೆ 1861 ಎಂದಿದ್ದು ಬಾಗಿಲು 1860ರ ದಶಕದ ಕೊನೆಯದಾದರೆ ಅದು ಕಲಬೆರಕೆಯಲ್ಲ, ಆ ಬಂದೂಕು ಇರಬೇಕಾದದ್ದೇ ಹಾಗೆ.

ಇನ್ನು ಲೀ-ಎನ್‌ಫೀಲ್ಡ್, ಅಂದರೆ ಆ ‘ತ್ರೀ ನಾಟ್ ತ್ರೀ’. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ ಎಂಬಾತನ ಬೋಲ್ಟು, ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ. 1895ರಲ್ಲಿ ಬಂದದ್ದು, 1903ರಲ್ಲಿ ಗಿಡ್ಡವಾದದ್ದು, 1907ರಲ್ಲಿ ‘ಮಾರ್ಕ್ 3’ ಎನಿಸಿಕೊಂಡದ್ದು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿಯ ಕೈಯಲ್ಲಿ ಇದ್ದದ್ದು ಇದೇ ವಂಶ. 1962ರ ಚೀನಾ ಯುದ್ಧದಲ್ಲಿ ಹಿಮಾಲಯದ ಮೇಲೂ ಇದೇ. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರ ದಾಳಿಯಾದಾಗ ಮುಂಬೈ ರೈಲು ನಿಲ್ದಾಣದಲ್ಲಿ ಪೊಲೀಸರ ಕೈಯಲ್ಲಿದ್ದ .303 ಇಡೀ ದೇಶದ ಕಣ್ಣಿಗೆ ಬಿತ್ತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಲ್ಲಿ ಅದಕ್ಕೆ ವಿದಾಯ ಹೇಳಿದರು.

ಈ ರೈಫಲ್ಲಿನ ಜಾತಕ ಇರುವುದು ಬಲಗಡೆ, ಬೋಲ್ಟಿನ ಹಿಡಿ ಕೆಳಗಿಳಿಯುವಲ್ಲಿ, ಹೆಗಲಿಗೆ ಒರಗಿಸುವ ಮರದ ಬಟ್ಟು ಬಂದು ಸೇರುವ ಉಕ್ಕಿನ ಕೊರಳ ಮೇಲೆ. ಮೇಲೆ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರ, ಆಮೇಲೆ ಕಾರ್ಖಾನೆ, ವರ್ಷ, ಮಾದರಿ. ಎನ್‌ಫೀಲ್ಡ್ ಎಂದಿರಬಹುದು. ‘ಬಿಎಸ್‌ಎ’ ಎಂದಿರಬಹುದು; ಸೈಕಲ್ಲಿನ ಹೆಸರೆಂದು ಎಲ್ಲರಿಗೂ ಗೊತ್ತಿರುವ ಆ ಮೂರಕ್ಷರದ ಬಿಡಿಸಿದ ರೂಪ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಆಸ್ಟ್ರೇಲಿಯಾದ ಲಿತ್‌ಗೌ ಎಂದೂ ಇರಬಹುದು. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಕೋಲ್ಕತ್ತದ ಹತ್ತಿರದ ಇಶಾಪುರ ರೈಫಲ್ ಕಾರ್ಖಾನೆಯ ಹೆಸರು. ಅಲ್ಲಿನ ರೈಫಲ್ಲುಗಳ ಮೇಲೆ ‘ಜಿಆರ್‌ಐ’ ಎಂಬ ಮೂರಕ್ಷರ ಇದ್ದರೆ ಜಾರ್ಜ್ ದೊರೆಯೂ ಹೌದು, ಚಕ್ರವರ್ತಿಯೂ ಹೌದು ಎಂದರ್ಥ. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಹೋಗಿ ಅಶೋಕ ಸಿಂಹ ಬಂತು, ಜೊತೆಗೆ ‘ಆರ್‌ಎಫ್‌ಐ’ ಎಂಬ ಅಕ್ಷರ. ಮಾದರಿಯ ಹೆಸರೂ ಕಾಲ ಹೇಳುತ್ತದೆ: 1926ರಲ್ಲಿ ಹೆಸರಿನ ಕ್ರಮ ಬದಲಾಗಿ ಈ ರೈಫಲ್ಲು ‘ನಂ. 1’ ಆಯಿತು. ಅದಕ್ಕೂ ಮೊದಲಿನ ವರ್ಷದ ಮುದ್ರೆಯ ಜೊತೆ ‘ನಂ. 1’ ಎಂದಿದ್ದರೆ ಆ ಹೆಸರು ಆಮೇಲೆ ಒತ್ತಿದ್ದು.

ಮಾರ್ಕ್ 3ರ ಪಕ್ಕ ಒಂದು ನಕ್ಷತ್ರ ಇದೆಯೇ ಎಂದೂ ನೋಡಬೇಕು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ರೈಫಲ್ಲು ಬೇಕಾದಾಗ, ಕೆಲಸ ಬೇಗ ಆಗಲೆಂದು ಕೆಲವು ಭಾಗಗಳನ್ನು ಬಿಟ್ಟರು. ಎಡಗಡೆಯ ಮರದ ಮೇಲೆ ಇರುತ್ತಿದ್ದ ದೂರದ ಗುರಿಫಲಕ ಹೋಯಿತು, ಮ್ಯಾಗಜಿನ್ನಿನ ಗುಂಡುಗಳನ್ನು ತಡೆದಿಡುವ ತಗಡು ಹೋಯಿತು. 1916ರ ಆರಂಭದಲ್ಲಿ ಒಪ್ಪಿಗೆ ಪಡೆದ ಈ ಸರಳ ರೂಪಕ್ಕೆ ನಕ್ಷತ್ರದ ಗುರುತು. ಹೀಗಾಗಿ ನಕ್ಷತ್ರವಿರುವ ರೈಫಲ್ಲಿಗೆ ದೂರದ ಗುರಿಫಲಕ ಇದ್ದರೆ, ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು. ಹೊರದೇಶಗಳಲ್ಲಿ ಆ ಫಲಕವನ್ನು ಹೊಸದಾಗಿ ಮಾಡಿ ಮಾರುವವರಿದ್ದಾರೆ.

ಜಾತಕ ಓದಿದ ಮೇಲೆ ಅಂಕಿ. ನೋಂದಣಿ ಪುಸ್ತಕದ ಚಾಸಿಸ್ ನಂಬರು, ಎಂಜಿನ್ ನಂಬರುಗಳನ್ನು ಬಸ್ಸಿನ ಮೇಲಿನವುಗಳ ಜೊತೆ ಹೋಲಿಸುವಂತೆಯೇ ಇಲ್ಲೂ ಹೋಲಿಸಬೇಕು. ಒಂದೇ ಅಂಕಿ ಹಲವು ಕಡೆ ಇರುತ್ತದೆ: ನಳಿಗೆ ಕೂರುವ ಉಕ್ಕಿನ ಮೈಯ ಮೇಲೆ, ನಳಿಗೆಯ ಬುಡದಲ್ಲಿ, ಬೋಲ್ಟಿನ ಹಿಡಿಯ ಹಿಂದೆ, ಹಿಂಗುರಿಯ ಪಟ್ಟಿಯ ಅಡಿಯಲ್ಲಿ, ಮೂತಿಯ ಕಬ್ಬಿಣದ ಟೋಪಿಯ ಮೇಲೆ, ಮುಂಮರದ ಅಡಿಯಲ್ಲಿ. ಇಶಾಪುರದ ರೈಫಲ್ಲುಗಳಲ್ಲಿ ಮ್ಯಾಗಜಿನ್ನಿನ ಬೆನ್ನಿಗೂ ಅಂಕಿ ಹೊಡೆದದ್ದು ಸಿಗುತ್ತದೆ. ಎಲ್ಲವೂ ಹೊಂದಿದರೆ ಸಂತೋಷ. ಹೊಂದದಿದ್ದರೆ ನಿಜವಾದ ಓದು ಶುರುವಾಗುವುದು ಅಲ್ಲಿಂದ.

ಊಹೆಗೆ ಒಂದು ರೈಫಲ್ಲು ಇಟ್ಟುಕೊಳ್ಳಬಹುದು. ಕೊರಳ ಮೇಲೆ ಬಿಎಸ್‌ಎ, 1917. ನಳಿಗೆಯ ಬುಡದ ಎಡಬದಿಯಲ್ಲಿ ಮಾತ್ರ, ನಳಿಗೆಯ ವರ್ಷವಾಗಿ, 43 ಎಂಬ ಎರಡಂಕಿ. ಬೋಲ್ಟಿನ ಹಿಂದೆ ಹಳೆಯ ಅಂಕಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ರೈಫಲ್ಲಿನ ಅಂಕಿ ಒತ್ತಿದ್ದಾರೆ. ಹಳೆಯ ಅಂಕಿಯ ಅಕ್ಷರ ಸಣ್ಣದು, ಹೊಸದರದು ದಪ್ಪ. ಕೊರಳ ಪಕ್ಕದಲ್ಲಿ ‘ಎಫ್‌ಟಿಆರ್’ ಎಂಬ ಮುದ್ರೆ, ಅದರ ಮುಂದೊಂದು ವರ್ಷ. ಮುಂಮರದಲ್ಲಿ, ಟ್ರಿಗರಿನ ಕಟ್ಟಿಗಿಂತ ಸ್ವಲ್ಪ ಮುಂದೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದ ಅಡ್ಡ ಸ್ಕ್ರೂ. ಎಫ್‌ಟಿಆರ್ ಎಂದರೆ ಫ್ಯಾಕ್ಟರಿ ಥರೋ ರಿಪೇರ್, ಕಾರ್ಖಾನೆಗೆ ಹಿಂದಿರುಗಿ ಪೂರ್ತಿ ದುರಸ್ತಿಯಾದ ಗುರುತು. ಆ ಅಡ್ಡ ಸ್ಕ್ರೂ ಭಾರತದ ಸೇವೆಯಲ್ಲಿದ್ದ ರೈಫಲ್ಲುಗಳ ಹೆಗ್ಗುರುತು. ಹೊಡೆತದ ಒದೆತಕ್ಕೆ ಮರ ಸೀಳದಿರಲೆಂದು ಹಾಕಿದ್ದು. ಈಗ ಕಥೆ ತಾನೇ ಹೊರಬರುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದು, ಎರಡನೇ ಯುದ್ಧದ ಕಾಲದಲ್ಲೋ ಅದರ ನಂತರವೋ ಹೊಸ ನಳಿಗೆ ಪಡೆದದ್ದು, ಯಾವುದೋ ಬೇರೆ ರೈಫಲ್ಲಿನ ಬೋಲ್ಟು ಕ್ರಮಬದ್ಧವಾಗಿ ಇದಕ್ಕೆ ಹೊಂದಿಸಿದ್ದು, ಭಾರತದಲ್ಲಿ ಮರ ಗಟ್ಟಿ ಮಾಡಿಸಿಕೊಂಡದ್ದು. ಇದರ ಯಾವ ಭಾಗವನ್ನೂ ‘ಸರಿ’ ಮಾಡಬೇಕಾಗಿಲ್ಲ. 1917ರ ನಳಿಗೆ ಹುಡುಕಿ ಕೂರಿಸಿದರೆ ಒಂದು ಇಡೀ ಯುದ್ಧ ಅಳಿಸಿಹೋಗುತ್ತದೆ.

ಅನುಮಾನ ಪಡಬೇಕಾದದ್ದು ಅಡ್ಡಗೆರೆಯೂ ಇಲ್ಲದೆ, ಹೊಸ ಅಂಕಿಯೂ ಇಲ್ಲದೆ ಬೇರೆಯದೇ ಅಂಕಿ ಹೊತ್ತ ಬೋಲ್ಟಿನ ಬಗ್ಗೆ. ಇಲ್ಲಿ ಚರಿತ್ರೆಗಿಂತ ಜೀವದ ಮಾತು ದೊಡ್ಡದು. ಲೀ-ಎನ್‌ಫೀಲ್ಡ್‌ನ ಬೋಲ್ಟು ಹಿಂಭಾಗದಲ್ಲಿ ಕೊಂಡಿ ಹಾಕಿಕೊಳ್ಳುತ್ತದೆ. ಆ ಕೊಂಡಿಗಳು ಆ ಒಂದೇ ರೈಫಲ್ಲಿನ ಮೈಗೆ ಸರಿಯಾಗಿ ಕೂರುವಂತೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಬೋಲ್ಟಿನ ತಲೆ ಬಿಚ್ಚಿ ಬದಲಿಸುವಂಥದ್ದು. ಇದೇ ವಂಶದ, ಎರಡನೇ ಯುದ್ಧದ ನಂ. 4 ರೈಫಲ್ಲಿನಲ್ಲಿ ಈ ತಲೆಗಳನ್ನು 0ಯಿಂದ 3ರವರೆಗೆ ಅಳತೆಯ ಅಂಕಿ ಕೊಟ್ಟೇ ಮಾಡುತ್ತಿದ್ದರು, ತೋಟಾದ ಹಿಂದಿನ ಸಂದು ಸರಿಯಾಗಿ ಉಳಿಯಲೆಂದು. ಆ ಸಂದು ಹೆಚ್ಚಾದರೆ ತೋಟಾದ ಹಿತ್ತಾಳೆ ಹರಿದು ಬಿಸಿ ಗಾಳಿ ಮುಖದ ಕಡೆಗೆ ನುಗ್ಗಬಹುದು. .315 ಇಟ್ಟುಕೊಂಡವರು ಗುಜರಿಯಲ್ಲಿ ಸಿಕ್ಕ ಬೋಲ್ಟನ್ನು ‘ಕೂರುತ್ತಲ್ಲ’ ಎಂದು ಹಾಕಿಕೊಳ್ಳಬಾರದು. ಕೂರುವುದು ಬೇರೆ, ಹೊಂದುವುದು ಬೇರೆ. ಲೈಸೆನ್ಸ್ ಇರುವ ರಿಪೇರಿಯವರಲ್ಲಿ ಗೇಜು ಹಾಕಿಸದೆ ಅಂಥ ರೈಫಲ್ಲಿಗೆ ತೋಟಾ ತುಂಬಲೇಬಾರದು.

ಮರವೂ ಮಾತಾಡುತ್ತದೆ. ಇಂಗ್ಲೆಂಡಿನದು ಸಾಮಾನ್ಯವಾಗಿ ವಾಲ್‌ನಟ್, ಆಸ್ಟ್ರೇಲಿಯಾದ್ದು ಅಲ್ಲಿನ ಮೇಪಲ್ ಅಥವಾ ಕೋಚ್‌ವುಡ್. ಸಿಪಾಯಿಯ ತೋಳಿನ ಉದ್ದಕ್ಕೆ ತಕ್ಕಂತೆ ಬಟ್ಟನ್ನು ಹಲವು ಅಳತೆಯಲ್ಲಿ ಮಾಡುತ್ತಿದ್ದರು. ಗಿಡ್ಡದಕ್ಕೂ ಉದ್ದದ್ದಕ್ಕೂ ಬೇರೆ ಬೇರೆ ಅಕ್ಷರ. ಬಟ್ಟಿನ ಬಲಬದಿಯಲ್ಲಿ ಹಿತ್ತಾಳೆ ಬಿಲ್ಲೆ ಇದ್ದರೆ, ಅಥವಾ ಬಿಲ್ಲೆಯ ಗುಂಡಿ ಮುಚ್ಚಿದ ಗುರುತಿದ್ದರೆ, ಆ ಮರ ಹಳೆಯ ಪೈಕಿಯದು. ಬಟ್ಟಿನ ಹಿಂದಿನ ಹಿತ್ತಾಳೆ ತಗಡಿನಲ್ಲಿ ಸಣ್ಣ ಬಾಗಿಲು. ಒಳಗೆ ಎಣ್ಣೆ ಬಾಟಲಿ, ನಳಿಗೆ ಒರೆಸುವ ಹಗ್ಗ. ಮುಂಮರ ಕಪ್ಪು, ಬಟ್ಟು ಕೆಂಪು ಎಂದು ಬೇಸರಪಟ್ಟು ಎರಡಕ್ಕೂ ಒಂದೇ ಬಣ್ಣದ ಪಾಲಿಶ್ ಬಳಿಯುವವರು ಎರಡು ಕಾರ್ಖಾನೆಗಳ ಸಾಕ್ಷಿಯನ್ನು ಒಂದೇ ಏಟಿಗೆ ಮುಚ್ಚಿಬಿಡುತ್ತಾರೆ. ಭಾರತದಲ್ಲಿ ದುರಸ್ತಿಯಾದ ಬಹಳಷ್ಟು ರೈಫಲ್ಲುಗಳ ಉಕ್ಕಿನ ಮೇಲೆ ದಪ್ಪನೆ ಕಪ್ಪು ಬಣ್ಣ ಬಳಿದಿರುತ್ತದೆ. ನೋಡಲು ಒರಟು, ಆದರೆ ಅದು ಕಾರ್ಖಾನೆಯ ಬಣ್ಣ. ಕೆರೆದು ತೆಗೆಯುವಂಥದ್ದಲ್ಲ.

ಪೊಲೀಸ್ ಸಂಗ್ರಹಗಳಲ್ಲಿ ಕಾಣುವ ಒಂದು ಬಗೆ ಎಲ್ಲರನ್ನೂ ತಬ್ಬಿಬ್ಬು ಮಾಡುತ್ತದೆ: .303ರ ಮೈ, ಆದರೆ ನಳಿಗೆಯಲ್ಲಿ ಗೀರಿಲ್ಲ, ಮ್ಯಾಗಜಿನ್ ಇರಬೇಕಾದ ಜಾಗಕ್ಕೆ ಮರದ ತುಂಡು. ಇಶಾಪುರದಲ್ಲಿ ಕಾವಲು ಕೆಲಸಕ್ಕೆಂದು .410 ಬೋರಿಗೆ ಬದಲಿಸಿದ ಒಂದೇ ಗುಂಡಿನ ಮಸ್ಕೆಟ್ ಅದು. ಮರದ ತುಂಡೇ ಅದರ ಮೂಲ ಭಾಗ. ಯಾರಾದರೂ ‘ಕಳೆದುಹೋದ’ ಮ್ಯಾಗಜಿನ್ ತಂದು ಹಾಕಿದರೆ ಅದೇ ಕಲಬೆರಕೆ. ಇದಕ್ಕೆ ತಿರುಗುಮುರುಗಾದ ತಪ್ಪು ಇಶಾಪುರದ 7.62 ಎಂಎಂ ‘2ಎ’, ‘2ಎ1’ ರೈಫಲ್ಲುಗಳ ಬಗ್ಗೆ ನಡೆಯುತ್ತದೆ. ಅವು .303 ರೈಫಲ್ಲನ್ನೇ ಬದಲಿಸಿ ಮಾಡಿದವು ಎಂದು ಬಹಳ ಜನ ನಂಬುತ್ತಾರೆ. 1962ರ ಯುದ್ಧದ ನಂತರ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದವು ಅವು; ಚೌಕನೆಯ ಮ್ಯಾಗಜಿನ್ ನೋಡಿದರೇ ಗುರುತು ಸಿಗುತ್ತದೆ.

ಒಳಗಿನ ಕೊಳೆಗೂ ಬೆಲೆ ಇದೆ ಎನ್ನಲು ಪಕ್ಕದ ಜಿಲ್ಲೆಯ ‘ನಗರ’ ಎಂಬ ಊರಿನ ಸಂಗತಿ ಸಾಕು. ಹೊಸನಗರ ತಾಲ್ಲೂಕಿನ ಆ ಊರಿನ ಹಾಳು ಬಾವಿಯಿಂದ 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಮೈಸೂರು ರಾಕೆಟ್ಟುಗಳ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳನ್ನು ಹೊರತೆಗೆಯಿತು. ತುಕ್ಕು ಹಿಡಿದ ಆ ಕೊಳವೆಗಳು ಏನೆಂದು ಖಚಿತವಾಗಲು ಒಳಗೆ ಉಳಿದಿದ್ದ ಮದ್ದಿನ ಪುಡಿ ನೆರವಾಯಿತು. ತೊಳೆದು ಹೊಳಪಿಸಿದ್ದರೆ ಅವು ಬರಿಯ ಕೊಳವೆಗಳು.

ಕಾನೂನು ಇಲ್ಲಿ ಚರಿತ್ರೆಯ ಪರವಾಗಿಯೇ ಇದೆ. 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ನಿನ ಪ್ರಕಾರ ಬಂದೂಕಿನ ಮೇಲಿನ ಹೆಸರು, ಅಂಕಿ, ಗುರುತುಗಳನ್ನು ಅಳಿಸುವುದು, ತಿದ್ದುವುದು ಅಪರಾಧ. ಎಮರಿ ಕಾಗದ ಹಿಡಿದು ನಳಿಗೆ ಉಜ್ಜುವವರಿಗೆ ಇದು ನೆನಪಿರಬೇಕು. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೂ ಬರಬಹುದು. 1917ರ ರೈಫಲ್ಲು ಆ ಗೆರೆ ದಾಟಿ ಆಯಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕನ್ನು ಮೂರರಿಂದ ಎರಡಕ್ಕೆ ಇಳಿಸಿತು. ಹೆಚ್ಚಿನದನ್ನು ಠಾಣೆಗೋ ಡೀಲರಿಗೋ ಒಪ್ಪಿಸುವಾಗ ಮನೆಯವರು ಮೊದಲು ಬಿಟ್ಟದ್ದು ಸಹಜವಾಗಿಯೇ ಕೆಲಸಕ್ಕೆ ಬಾರದ, ಎಲ್ಲಕ್ಕಿಂತ ಹಳೆಯ ಕೋವಿಯನ್ನು.

ಹಾಗಾಗಿ ಈ ಮೂರು ತಾಲ್ಲೂಕುಗಳಲ್ಲಿ ಆಗಬಹುದಾದ, ಖರ್ಚಿಲ್ಲದ ಒಂದು ಕೆಲಸವಿದೆ. ಪ್ರತಿ ಚುನಾವಣೆಗೆ ಮುನ್ನ ಲೈಸೆನ್ಸುದಾರರು ಕೋವಿಗಳನ್ನು ಠಾಣೆಗೆ ತಂದು ಒಪ್ಪಿಸುತ್ತಾರೆ. ಒಂದು ಸೀಮೆಯ ಕೋವಿಗಳೆಲ್ಲ ಒಂದೇ ಸೂರಿನಡಿ ಸೇರುವ ಸಂದರ್ಭ ಅದೊಂದೇ. ರಸೀತಿಗೆ ಬೇಕಾದ ಒಂದು ಅಂಕಿಯ ಜೊತೆಗೆ, ಹಳೆಯದೆಂದು ಕಂಡ ಕೋವಿಗಳ ಬೀಗದ ತಗಡು, ನಳಿಗೆಯ ಬುಡ, ಬೋಲ್ಟಿನ ಹಿಡಿ, ಬಟ್ಟಿನ ಬಲಬದಿ ಇಷ್ಟರ ಚಿತ್ರ ತೆಗೆದರೆ ಸಾಕು. ಗುಂಡಿಲ್ಲವೆಂದು ಮೊದಲು ಖಚಿತ ಮಾಡಿಕೊಂಡು, ಮಸುಕಾದ ಮುದ್ರೆಯ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಬೇಕು. ಗೀರಿನೊಳಗೆ ಬಿಳಿ ಉಳಿದು ಅಂಕಿ ಎದ್ದು ಕಾಣುತ್ತದೆ, ಲೋಹಕ್ಕೆ ಏನೂ ಆಗುವುದಿಲ್ಲ. ಬೆಳಕು ಎದುರಿನಿಂದ ಬೇಡ, ಬದಿಯಿಂದ ಬೀಳಲಿ. ಓದಲಾಗದ ಅಂಕಿಯ ಜಾಗದಲ್ಲಿ ಊಹಿಸಿ ಬರೆಯದೆ ಚುಕ್ಕಿ ಹಾಕಿ ಬಿಡಲಿ.